ನನ್ನ ಪರವಾಗಿ ಊಟ

ಲಿಂಫೋಮಾದಿಂದ ನನಗೆ ಊಟ ಸೇರದಾದ ಮೇಲೆ ನನ್ನ ಪರವಾಗಿ ಉಣ್ಣುವವರು ನಮ್ಮ ಯಜಮಾನರು ವಾದಿರಾಜರು. ಆಸ್ಪತ್ರೆಯ ಪಟ್ಟಿ ಅವರ ಮಣಿಕಟ್ಟಿನಲ್ಲಿದೆ. ಅದನ್ನು ಕಟ್ಟಿಕೊಂಡವರು ತಿಂದದ್ದರಲ್ಲಿ ಅರ್ಧ ನನ್ನ ಮೈಗೆ ಸೇರುತ್ತದೆ. ಈ ವಾರ್ಡಿನಲ್ಲಿ ಎಲ್ಲರದೂ ಹೀಗೆಯೇ.

ಸಿಸ್ಟರ್ ನನ್ನ ತೂಕ ನೋಡಿದರು. "ಮತ್ತೆ ಎರಡು ಕೆಜಿ ಇಳಿದಿದೆ. ಹೀಗಾದ್ರೆ ಮುಂದಿನ ಕೀಮೋ ತಡ್ಕೊಳ್ಳಲ್ಲ, ಜೀವಕ್ಕೇ ಅಪಾಯ. ಸರ್, ಊಟ ಸರಿಯಾಗಿ ಮಾಡ್ತಿದೀರಾ?"

"ನಿನ್ನೆ ಏಕಾದಶಿ, ನೀರೂ ಮುಟ್ಟಿಲ್ಲ. ಗುರುವಾರ, ಶನಿವಾರ ಒಪ್ಪತ್ತು," ಎಂದರು ಹೆಮ್ಮೆಯಿಂದ. "ಇವಳು ಗುಣವಾಗಲಿ ಅಂತಲೇ ಹರಕೆ."

ಇಪ್ಪತ್ತೆರಡು ವರ್ಷ ಈ ಮನುಷ್ಯನ ಪುಣ್ಯಕ್ಕೆ ಮಡಿಯುಟ್ಟು ಬೇಯಿಸಿದ್ದೆ. ಈಗ ಆ ಪುಣ್ಯಕ್ಕೆ ನನ್ನ ಎಲುಬೂ ಬೇಕಾಗಿತ್ತು.

"ಸಿಸ್ಟರ್, ಪಟ್ಟಿ ಬಿಚ್ಚಿ ಚಿಕ್ಕತಾಯಮ್ಮನಿಗೆ ಕಟ್ಟಿ," ಎಂದೆ.

ನೆಲ ಒರೆಸುತ್ತಿದ್ದ ಚಿಕ್ಕತಾಯಮ್ಮ ತಲೆಯೆತ್ತಿದಳು.

"ತಲೆ ಕೆಟ್ಟಿದೆಯೇನೇ? ಅವಳು ಮಾಂಸ ತಿಂತಾಳೆ!"

"ದಿನಾ ಎಲ್ ಬತ್ತದೆ ಸ್ವಾಮಿ? ಇವತ್ತು ಡಬ್ಬೀಲಿ ತಲೆಮಾಂಸದ ಸಾರು ಅದೆ," ಎಂದು ಅವಳು ನಕ್ಕು ಕೈ ಚಾಚಿದಳು. "ಕಟ್ಟಿ ಸಿಸ್ಟರ್, ಇನ್ನೊಂದು ಮುದ್ದೆ ಜಾಸ್ತಿ ಉಂಡ್ರಾಯ್ತು."

ಮಧ್ಯಾಹ್ನ ಅವಳು ಎರಡನೇ ಮುದ್ದೆ ಮುರಿಯುವಾಗ, ಮೂರು ತಿಂಗಳಲ್ಲಿ ಮೊದಲ ಸಲ ನನ್ನ ಪಾದಗಳು ಬೆಚ್ಚಗಾದವು.

"ಇನ್ನು ನಿನ್ನ ಮುಟ್ಟಿದ್ರೆ ನಂಗೆ ಸ್ನಾನ," ಎಂದರು ವಾದಿರಾಜರು, ಹೊಸ್ತಿಲಾಚೆ ನಿಂತು.

"ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ," ಎಂದೆ.