ಹತ್ತು ಗೂಡು

ನೂಲು ತೆಗೆಯುವ ಜಹೀದಾ ಮೇಜಿನ ಮೇಲಿನ ಹತ್ತು ರೇಷ್ಮೆ ಗೂಡುಗಳಲ್ಲಿ ಒಂದನ್ನು ಎತ್ತಿಕೊಂಡಾಗ, ಮಾಲೀಕ ಪೀರ್ ಸಾಬ್ ಹೊಸ ಯಂತ್ರದ ಆರ್ಡರಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದರು. ಯಂತ್ರದ ವಿನ್ಯಾಸ ಮಾಡುವ ಭಾನುಪ್ರಿಯ ಕಾಗದದ ಮೇಲೆ ಮೂರು ಚೌಕ ಬರೆದು, ಯಾವುದು ಎಷ್ಟು ಮುಖ್ಯವೋ ಅಷ್ಟು ಗೂಡು ಇಡಿ ಎಂದಿದ್ದಳು. ಪೀರ್ ಸಾಬ್ ವೇಗಕ್ಕೆ ಐದು, ನೂಲಿನ ನಯಕ್ಕೆ ನಾಲ್ಕು, ಕೈಗೆ ಬಿಸಿ ತಾಗದಿರುವುದಕ್ಕೆ ಒಂದು ಇಟ್ಟಿದ್ದರು. ಎರಡು ಮಾದರಿಗಳ ಅಂಕಗಳನ್ನು ಆಯಾ ಚೌಕದ ಗೂಡುಗಳ ಸಂಖ್ಯೆಯಿಂದ ಗುಣಿಸಿ ಅವಳು ಕೂಡಿದಾಗ ವೇಗದ ಯಂತ್ರ ಗೆದ್ದಿತ್ತು. ಕುದಿನೀರಿಗೆ ಕೈ ಹಾಕಬೇಕಿಲ್ಲದ, ಸ್ವಲ್ಪ ನಿಧಾನದ ಯಂತ್ರ ಸೋತಿತ್ತು.

ಜಹೀದಾ ವೇಗದ ಚೌಕದಿಂದ ತೆಗೆದ ಗೂಡನ್ನು, ಒಳಗಿನ ಹುಳು ಸದ್ದು ಮಾಡುತ್ತದೆಯೇ ಎಂದು ಅಭ್ಯಾಸಬಲದಿಂದ ಕಿವಿಯ ಬಳಿ ಅಲ್ಲಾಡಿಸಿ, ಬಿಸಿಯ ಚೌಕದಲ್ಲಿಟ್ಟಳು. "ಈಗ ಯಾವ್ದು ಗೆಲ್ತೈತೆ, ಒಸಿ ನೋಡಮ್ಮ."

ಭಾನುಪ್ರಿಯ ಮತ್ತೆ ಕೂಡಿದಳು. ಅವಳ ಹುಬ್ಬೇರಿತು. "ನಿಧಾನದ್ದು!"

"ಒಂದು ಗೂಡಿಗೆ ಲೆಕ್ಕ ಪಲ್ಟಿ ಹೊಡೀತಾ?" ಪೀರ್ ಸಾಬ್ ನಕ್ಕರು. "ಅದು ನಾನಿಟ್ಟಿದ್ದು ಕಣಮ್ಮ, ವಾಪಸ್ ಇಡು."

"ಇಡ್ತೀನಿ ಸಾಬ್ರೇ. ನೀವು ಬೇಸಿನ್‌ಗೆ ಕೈ ಹಾಕಿ ಎಷ್ಟು ವರ್ಸ ಆಯ್ತು?"

"ಹದಿನೈದಾಗಿರ್ಬೋದು. ಅದಕ್ಕೇ ಬಿಸಿ ಮರ್ತುಬುಟ್ನಾ?" ಎನ್ನುತ್ತಾ ಅವರು ಅಂಗಿಯ ತೋಳು ಮಡಚಿ, ಪಕ್ಕದ ಕುದಿನೀರಿನ ಬೇಸಿನ್ನಿನಲ್ಲಿ ಬೇಯುತ್ತಿದ್ದ ಗೂಡೊಂದನ್ನು ಹಿಡಿಯಲು ಹೋದರು. "ಯಾ ಅಲ್ಲಾ!" ಎಂದು ಕೈ ಕೊಡವಿದರು. ಜಹೀದಾ ತನ್ನ ಸುಕ್ಕುಗಟ್ಟಿದ ಬೆರಳುಗಳಿಂದ ಅದನ್ನು ಎತ್ತಿ ಕೊಟ್ಟಳು.

ಪೀರ್ ಸಾಬ್ ಸುಟ್ಟ ಬೆರಳಿಗೆ ಬಾಯಿಂದ ಗಾಳಿ ಊದುತ್ತಾ ಮೇಜಿಗೆ ಮರಳಿದರು. ಜಹೀದಾ ಸರಿಸಿದ್ದ ಗೂಡನ್ನು ಮುಟ್ಟಲಿಲ್ಲ. ವೇಗದ ಚೌಕದಿಂದ ಇನ್ನೊಂದನ್ನು ಎತ್ತಿ ಅದರ ಪಕ್ಕಕ್ಕೆ ಇಟ್ಟರು.