ಮಿಕ್ಸಿಯ ಸದ್ದಿನ ಮರೆಯಲ್ಲಿ

ಬೇಯಿಸಿದ ಕ್ಯಾರೆಟ್ ನುಣ್ಣಗಾಯಿತೇ ಎಂದು ನೋಡಲು ಅವಳು ಮಿಕ್ಸಿ ನಿಲ್ಲಿಸಿದಳು. ಬಾಗಿಲ ಹಿಂದಿನಿಂದ ಕರುಂ ಎಂಬ ಸದ್ದು ಬಂದು ಗಪ್ಪನೆ ನಿಂತಿತು.

ಸಂದಿಯಲ್ಲಿ ಗಂಡ ಕಂಡ. ಕೈಯಲ್ಲಿ ಅರ್ಧ ಕಚ್ಚಿದ ರಸ್ಕು. ಕೆನ್ನೆ ಉಬ್ಬಿತ್ತು, ದವಡೆ ಅಲ್ಲಾಡುತ್ತಿರಲಿಲ್ಲ. ತೂಕ ಇಳಿಸಲು ಅವಳ ಹೊಟ್ಟೆಯ ಆಪರೇಷನ್ ಆಗಿ, ರುಬ್ಬಿದ್ದನ್ನಷ್ಟೇ ತಿನ್ನಬೇಕೆಂದು ಡಾಕ್ಟರು ಹೇಳಿದಾಗಿನಿಂದ, "ನಂಗೂ ರುಬ್ಬಿದ್ದೇ ಸಾಕು ಕಣೇ" ಎಂದು ಎದುರಿಗೆ ಕೂತು ಅದನ್ನೇ ನುಂಗುತ್ತಿದ್ದ, ದಿನವಿಡೀ ಮೂಟೆ ಹೊರುವ ಆ ಜೀವ. ಮದುವೆಯಾದಾಗಿನಿಂದ ಅವಳನ್ನು ಬಿಟ್ಟು ಒಂದು ತುತ್ತೂ ಬಾಯಿಗಿಟ್ಟವನಲ್ಲ.

ಅವಳು "ಇನ್ನೂ ನುಣ್ಣಗಾಗಿಲ್ಲ ರೀ, ಸ್ವಲ್ಪ ತಡೀರಿ!" ಎಂದು ಕೂಗಿ, ನುಣ್ಣಗಾಗಿದ್ದನ್ನೇ ಮತ್ತೆ ತಿರುಗಿಸಿದಳು. ಪಾಪ, ನೆಮ್ಮದಿಯಾಗಿ ಅಗಿಯಲಿ ಎಂದು ಗೋಡೆಯತ್ತ ಮುಖ ಮಾಡಿ ನಿಂತಳು. ಬಿಕ್ಕು ಉಕ್ಕಿ ಬಂದಾಗ ಗುಂಡಿ ತಿರುಗಿಸಿ ಮಿಕ್ಸಿಯನ್ನು ಇನ್ನಷ್ಟು ಜೋರು ಮಾಡಿದಳು.