ಮೂಗು ಕಟ್ಟಿದ ಕಂಪ್ಯೂಟರು

ನೀಲವ್ವನ ಕಂಪ್ಯೂಟರು ಮುಂಜಾನೆಯಿಂದ ಮತ್ತೆ ಮತ್ತೆ ಎಚ್ಚರ ತಪ್ಪುತ್ತಿತ್ತು. ಲಗ್ನಪತ್ರಿಕೆಯಲ್ಲಿ ವರನ ಹೆಸರು ಮುಗಿದು ವಧುವಿನ ಹೆಸರಿಗೆ ಬರುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ನೀಲವ್ವ ಅದರ ಬೆನ್ನು ನೀವಿದಳು, ತಣ್ಣೀರು ಬಟ್ಟೆ ಹಾಕಿದಳು. ಏಳುತ್ತಿತ್ತು, ಮತ್ತೆ ಮಲಗುತ್ತಿತ್ತು. ಗಂಡ ತೀರಿಹೋದ ಮೇಲೆ ಟೈಪಿಂಗ್ ಅಂಗಡಿ ನಡೆಸುತ್ತಿದ್ದವಳಿಗೆ ಅದೊಂದೇ ಆಸರೆ. ಇದೂ ಕೈಬಿಟ್ಟರೆ ಹೇಗೆಂದು ವೈದ್ಯನಿಗೆ ಹೇಳಿಕಳಿಸಿದಳು.

ಉಸಿರಾಡುವ ಕಂಪ್ಯೂಟರುಗಳಿಗೆಲ್ಲ ಮದ್ದು ಕೊಡುವ ಮೌಲಾಲಿ ಬಂದು, ಅದರ ಪಕ್ಕೆಗೆ ಕಿವಿಯಿಟ್ಟ.

"ಎದಿ ಗಟ್ಟಿ ಐತಿ. ಉಸಿರು ಮಾತ್ರ ಹೊರಗ ಬರವಲ್ದು."

ತಿರುವಿ ನೋಡಿದರೆ, ಬೆನ್ನಲ್ಲಿದ್ದ ಮೂಗಿನ ಹೊಳ್ಳೆಗಳ ತುಂಬ ಕುಂಕುಮ!

"ಯವ್ವಾ, ಇದೇನಿದು?"

"ಆಯುಧ ಪೂಜಿಗೆ ಹಚ್ಚೀನಿ, ಅಣ್ಣಾ."

"ಎಲ್ಲಾರೂ ಒಂದು ಬೊಟ್ಟು ಇಡ್ತಾರ. ಇಷ್ಟ್ಯಾಕ?"

ನೀಲವ್ವ ತಲೆ ತಗ್ಗಿಸಿದಳು. "ಅವರು ಹೋದಮ್ಯಾಲೆ ನಾ ಅಂತೂ ಹಚ್ಚಿಕೊಳ್ಳಂಗಿಲ್ಲ. ನನ್ನ ಪಾಲಿಂದೂ ಅದಕ್ಕ ಹಚ್ಚಿಬಿಟ್ಟೆ."

ಮೌಲಾಲಿ ಚೀಲಕ್ಕೆ ಕೈಹಾಕಿದ. ಕೋಳಿಗರಿಯೊಂದನ್ನು ಹೊಳ್ಳೆಯೊಳಗೆ ಮೆಲ್ಲಗೆ ಆಡಿಸಿದ. ಕಂಪ್ಯೂಟರು ಮೈಯೆಲ್ಲ ನಡುಗಿಸಿ ಒಂದು ಸೀನು ಸೀನಿತು ನೋಡಿ, ಹತ್ತಿರ ಬಗ್ಗಿದ್ದ ನೀಲವ್ವನ ಹಣೆ, ಕೆನ್ನೆಯೆಲ್ಲ ಕೆಂಪಾಯಿತು. ಪರದೆ ಝಗ್ಗೆಂದು ಹೊತ್ತಿಕೊಂಡು, ವಧುವಿನ ಹೆಸರಿಗಾಗಿ ಕಾಯುತ್ತ ನಿಂತಿತು. ಈ ಸಲ ಆರಲಿಲ್ಲ.

ಮೌಲಾಲಿ ಗಾಬರಿಯಾಗಿ ಹೆಗಲ ಮೇಲಿನ ಟವೆಲು ಚಾಚಿದ. ನೀಲವ್ವ ಅದನ್ನು ಇಸಕೊಂಡು, ಕಂಪ್ಯೂಟರಿನ ಮೂಗನ್ನು ಚೊಕ್ಕಟವಾಗಿ ಒರೆಸಿ, ಟವೆಲನ್ನು ತಿರುಗಿ ಕೊಟ್ಟಳು. ತನ್ನ ಹಣೆ ಮಾತ್ರ ಒರೆಸಿಕೊಳ್ಳದೆ, ವಧುವಿನ ಹೆಸರು ಟೈಪು ಮಾಡಲು ಕೂತಳು.